ಹೋಗ್ತೀವಿ ಅಜ್ಜಿ

ನಮ್ಮ ಮನೆಯಲ್ಲಿ ಯಾರೂ ‘ಹೋಗ್ತೀನಿ’ ಅನ್ನುವ ಹಾಗಿರಲಿಲ್ಲ. ಶಾಲೆಗೆ ಹೊರಟ ನಾನಿರಲಿ, ಕಚೇರಿಗೆ ಹೊರಟ ಅಪ್ಪನಿರಲಿ, ಹೊಸ್ತಿಲು ದಾಟುವಾಗ ‘ಬರ್ತೀನಿ’ ಅನ್ನಬೇಕು. ಅದು ಅಜ್ಜಿಯ ಕಾನೂನು. ಅಜ್ಜಿ ಎಂದರೆ ಅಪ್ಪನ ತಾಯಿ. ಮತ್ತೋಡಿನ ಹೊಲವನ್ನು ಪಾಲಿಗೆ ಕೊಟ್ಟು, ಮಗನ ನೌಕರಿಯ ಹಿಂದೆ ದುರ್ಗಕ್ಕೆ ಬಂದವಳು. ಬಂದು ಎಷ್ಟೋ ವರ್ಷವಾಗಿದ್ದರೂ ಯಾರಾದರೂ ಊರು ಕೇಳಿದರೆ ಮತ್ತೋಡು ಅನ್ನುತ್ತಿದ್ದಳೇ ಹೊರತು ಒಂದು ದಿನವೂ ದುರ್ಗ ಅಂದವಳಲ್ಲ. ಒಮ್ಮೆ ಕರೆಂಟಿನ ಮೀಟರ್ ನೋಡಲು ಬಂದವನು ಚೀಟಿ ಕೊಟ್ಟು ‘ಹೋಗ್ತೀನಮ್ಮ’ ಎಂದು ಮೆಟ್ಟಿಲಿಳಿದ. ಅಜ್ಜಿ ಅವನನ್ನು ವಾಪಸು ಕರೆದಳು.

“ಏನಪ್ಪ, ಹಂಗನ್ನಬಾರ್ದು. ಬರ್ತೀನಿ ಅನ್ನು.”

“ಬಿಲ್ಲಿನೋನು ಮತ್ತೆ ಬರ್ಲಿ ಅಂತ ಯಾರೂ ಅನ್ನಲ್ಲ ಕಣಜ್ಜಿ.”

“ಬಿಲ್ಲು ಬಂದ್ರೆ ಬರ್ಲಿ ಬಿಡು. ನೀನು ಹೋಗಾದು ಬ್ಯಾಡ.”

ಅವನು ನಗುತ್ತಲೇ ‘ಬರ್ತೀನಿ’ ಎಂದು ಒಪ್ಪಿಸಿ ಹೊರಟ. ಹೋಗುವುದು ಎಂದರೆ ಸತ್ತವರು ಹೋಗುವುದು, ಬದುಕಿರುವವರು ಬರುತ್ತಾರೆ ಎನ್ನುವುದು ಅಜ್ಜಿಯ ವ್ಯಾಕರಣ. ಆಮೇಲೆ ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದೆ. ಆದರೆ ಕ್ರಿಯಾಪದವೊಂದಕ್ಕೆ ಮನುಷ್ಯನನ್ನು ಕೊಲ್ಲುವ ಶಕ್ತಿಯಿದೆ ಎಂದು ನನಗೆ ಕಲಿಸಿದ್ದು ಅಕ್ಷರ ಬಾರದ ಆ ಹೆಂಗಸು.

ಮನೆ ಕೋಟೆಯ ಬೆಟ್ಟದ ಬುಡದ ಒಂದು ಓಣಿಯಲ್ಲಿತ್ತು. ರೈಲು ಡಬ್ಬಿಯ ಹಾಗೆ ಉದ್ದಕ್ಕೆ: ಮುಂದೆ ಜಗಲಿ, ಜಗಲಿಗೆ ಹೊಂದಿಕೊಂಡಂತೆ ಶೇಂಗಾ ಕೋಣೆ, ಆಮೇಲೆ ನಡುಮನೆ, ಅದರಾಚೆ ದೇವರ ಗೂಡಿದ್ದ ಅಡುಗೆಮನೆ, ಕೊನೆಗೆ ಬಚ್ಚಲು. ಶೇಂಗಾ ಕೋಣೆಗೆ ಮತ್ತೋಡಿನಿಂದ ಪಾಲಿನ ಶೇಂಗಾ ಬಂದು ಬೀಳುತ್ತಿತ್ತು. ದೀಪಾವಳಿ ಕಳೆಯುತ್ತಲೇ ಅದು ಎಣ್ಣೆ ಮಿಲ್ಲಿಗೆ ಹೋಗಿ, ಕೋಣೆ ಖಾಲಿಯಾಗಿ, ನೆಲದ ಮೇಲೆ ಒಂದಿಷ್ಟು ಕೆಮ್ಮಣ್ಣು ಮಾತ್ರ ಉಳಿಯುತ್ತಿತ್ತು. ಚಳಿಗಾಲದಲ್ಲಿ ಬಂಡೆಗಳ ಸಂದಿಯಿಂದ ಇಳಿದು ಬರುವ ಗಾಳಿ ನಮ್ಮ ಓಣಿಯನ್ನೇ ಹುಡುಕಿಕೊಂಡು ಬಂದಂತೆ ಬರುತ್ತಿತ್ತು. ಅಂಥ ಒಂದು ಸಂಜೆ ಅಪ್ಪ, ಕಚೇರಿಯೆದುರಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತಿದ್ದ ಒಬ್ಬ ಟಿಬೆಟಿನ ಹೆಂಗಸನ್ನೂ ಅವಳ ಮಗಳನ್ನೂ ಎರಡು ದೊಡ್ಡ ಗಂಟುಗಳ ಸಮೇತ ಕರೆದುಕೊಂಡು ಬಂದ. ಮೂರು ತಿಂಗಳ ಮಟ್ಟಿಗೆ ಅವರಿಗೊಂದು ಕೋಣೆ ಬೇಕಿತ್ತು. ನಾಲ್ಕೈದು ಮನೆಯವರು ಮುಖ ನೋಡಿಯೇ ಇಲ್ಲ ಎಂದಿದ್ದರಂತೆ. ಅಜ್ಜಿ ಅವರನ್ನು ಜಗಲಿಯ ಮೇಲೆ ಕೂರಿಸಿ ವಿಚಾರಣೆ ಶುರು ಮಾಡಿದಳು.

“ಯಾವೂರವ್ವ ನಿಮ್ದು?”

“ಬೈಲಕುಪ್ಪೆ ಹತ್ರ, ಅಜ್ಜಿ. ನಾಲ್ಕನೇ ಕ್ಯಾಂಪ್,” ಎಂದಳು ತಾಯಿ.

“ಊರು ಕೇಳಿದ್ದು ನಾನು. ಊರಿಗೂ ನಂಬರ್ ಹಾಕ್ತಾರಾ, ಬಸ್ಸಿಗೆ ಹಾಕ್ದಂಗೆ?”

ಆಕೆ ಗಂಟನ್ನು ಪಕ್ಕಕ್ಕೆ ಸರಿಸಿಕೊಂಡು ಕೂತಳು. ಹೆಸರು ಪೆಮಾ ಎಂದಳು. ಅಂಥ ಹೆಸರೇ ಇಲ್ಲ, ಪ್ರೇಮಾ ಅಂತ ಸರಿಯಾಗಿ ಹೇಳು ಎಂದು ಅಜ್ಜಿ ಅಲ್ಲೇ ತಿದ್ದಿದಳು. ಅಂದಿನಿಂದ ಆಕೆ ನಮ್ಮ ಮನೆಯಲ್ಲಿ ಪ್ರೇಮಾ. ನಮ್ಮ ಪದ್ಮವೇ ಬೆಟ್ಟ ಹತ್ತಿ ಆಚೆ ದೇಶಕ್ಕೆ ಹೋಗಿ ಪೆಮಾ ಆಗಿತ್ತು ಎಂದು ನನಗೆ ಗೊತ್ತಾದದ್ದು ತಲೆ ನರೆತ ಮೇಲೆ. ಪದ್ಮ ಎಂಬ ಹೆಸರಿಗೆ ನಮ್ಮ ಮನೆಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ.

ನಮ್ಮದು ಲಿಂಗ ಕಟ್ಟಿದ ಮನೆ. ಕೋಣೆ ಕೊಡುವ ಮುಂಚೆ ಅಜ್ಜಿ ಒಂದೇ ಒಂದು ಮಾತು ಕೇಳಿದಳು: ಈ ಸೂರಿನ ಕೆಳಗೆ ಮಾಂಸ ಬೇಯಬಾರದು, ಯಾರ ಬಾಯಿಗೂ ಹೋಗಬಾರದು. ಪೆಮಾ ಎದೆಯ ಮೇಲೆ ಕೈಯಿಟ್ಟು ‘ಮಾತು’ ಎಂದಳು. ಆಕೆಗೆ ಗೊತ್ತಿದ್ದ ಕನ್ನಡದಲ್ಲಿ ಆ ಶಬ್ದವಿತ್ತು. ಇನ್ನುಳಿದ ಕಟ್ಟಳೆಗಳನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವು ತಾವಾಗಿಯೇ ಜಾರಿಗೆ ಬಂದವು. ಅವರು ನಡುಮನೆಯ ಹೊಸ್ತಿಲು ದಾಟಲಿಲ್ಲ. ಜಗಲಿಯ ಗೂಡಿನಲ್ಲಿ ಅವರಿಗೆಂದೇ ಎರಡು ಸ್ಟೀಲ್ ಲೋಟ ಬೋರಲು ಬಿದ್ದಿರುತ್ತಿದ್ದವು. ಅಮ್ಮ ಮಜ್ಜಿಗೆಯನ್ನು ಮೇಲಿನಿಂದ ಅವಕ್ಕೆ ಹೊಯ್ಯುತ್ತಿದ್ದಳು. ಆದರೆ ಅವರು ಮಾರುತ್ತಿದ್ದ ಸ್ವೆಟರು ಮಾತ್ರ ಸಲೀಸಾಗಿ ಒಳಗೆ ಬಂತು. ಪೆಮಾ ಮೊದಲ ವರ್ಷವೇ ನನಗೊಂದು ಕೆಂಪು ಸ್ವೆಟರ್ ಕೊಟ್ಟಾಗ ಅಮ್ಮ ಅಜ್ಜಿಯ ಮುಖ ನೋಡಿದಳು. ‘ಉಣ್ಣೆಗೆ ಮೈಲಿಗೆ ಇಲ್ಲ’ ಎಂದಳು ಅಜ್ಜಿ. ನಾನು ಅದನ್ನು ಹಾಕಿಕೊಂಡು ಅಡುಗೆಮನೆಯ ಒಲೆಯ ಮುಂದೆ ಕೂರುತ್ತಿದ್ದೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರಲ್ಲ, ಹಾಗೆ ಬೀದಿ ನಲ್ಲಿಯ ಹತ್ತಿರ ಪೆಮಾಳ ಕನ್ನಡ ಬೆಳೆಯಿತು. ಮಗಳು ಡೋಲ್ಮಳದು ಆಗಲೇ ಬೆಳೆದಿತ್ತು. ಅವಳಿಗೂ ನನಗೂ ಒಂದೇ ವಯಸ್ಸು. ಅವರ ಶಾಲೆಗೆ ಚಳಿಗಾಲದಲ್ಲೇ ದೊಡ್ಡ ರಜೆ. ಮೈಸೂರು ಕಡೆಯವಳಾದ್ದರಿಂದ ಪುಸ್ತಕದಲ್ಲಿರುವ ಹಾಗೆ ‘ಇದೆ’, ‘ಬನ್ನಿ’ ಎನ್ನುತ್ತಿದ್ದಳು. ‘ಐತೆ’, ‘ಬರ್ರಿ’ ಎನ್ನುವ ನನಗೆ ಅದೊಂದು ಹೊಟ್ಟೆಕಿಚ್ಚು. ಹೊರಗಿನಿಂದ ಬಂದವಳ ಕನ್ನಡ ನನ್ನದಕ್ಕಿಂತ ಚೆನ್ನಾಗಿರುವುದು ಯಾವ ನ್ಯಾಯ? ಅದಕ್ಕೇ ಅವಳು ಹೊರಗಿನವಳೆಂದು ನೆನಪಿಸುವ ಪ್ರಶ್ನೆಗಳನ್ನೇ ಹುಡುಕಿ ಹುಡುಕಿ ಕೇಳುತ್ತಿದ್ದೆ.

“ನಿಮ್ಮೂರಾಗೆ ಹಿಮ ಹೆಂಗಿರ್ತೈತೆ?”

“ನನಗೇನು ಗೊತ್ತು? ನಾನು ಹುಟ್ಟಿದ್ದು ಕ್ಯಾಂಪಲ್ಲಿ. ಹಿಮ ನಾನೂ ನೋಡಿಲ್ಲ ಕಣೆ.”

“ಮತ್ತೆ ನೀನು ಟಿಬೆಟ್ಟಿನೋಳು ಹೆಂಗಾಗ್ತೀಯ?”

ಮತ್ತೋಡಿನಲ್ಲಿ ಒಂದು ರಾತ್ರಿಯೂ ಮಲಗದ ನಾನು ಮತ್ತೋಡಿನವಳು ಹೇಗಾಗುತ್ತೇನೆ ಎಂದು ಅವಳು ತಿರುಗಿ ಕೇಳಬಹುದಿತ್ತು, ಕೇಳಲಿಲ್ಲ. ಒಂದು ದಿನ ಅಜ್ಜಿಯೇ ಪೆಮಾಳನ್ನು, ಟಿಬೆಟಿನಿಂದ ಹೊರಟಾಗ ಯಾರಿಗೆ ಹೇಳಿ ಬಂದಿರಿ ಎಂದು ಕೇಳಿದಳು. ‘ಯಾರಿಗೂ ಹೇಳಲಿಲ್ಲ ಅಜ್ಜಿ. ಹೇಳಿದ್ರೆ ಚೀನಾದವ್ರಿಗೆ ಗೊತ್ತಾಗ್ತದೆ. ಒಲೆ ಮೇಲೆ ಪಾತ್ರೆ ಬಿಟ್ಟು ಬಂದ್ವಿ,’ ಎಂದಳು ಆಕೆ. ಆಮೇಲೆ ಆಕೆಗೂ ‘ಬರ್ತೀನಿ’ ಅನ್ನುವುದನ್ನು ಕಲಿಸಿದಳು. ಹೋಗುವವರು ಬರ್ತೀನಿ ಅಂತ ಯಾಕೆ ಅನ್ನಬೇಕು ಎಂಬುದು ಪೆಮಾಳ ತಲೆಗೆ ಇಳಿಯಲು ಒಂದು ವಾರ ಹಿಡಿಯಿತು. ಇಳಿದ ಮೇಲೆ ಒಂದು ಬೆಳಗ್ಗೆಯೂ ತಪ್ಪಲಿಲ್ಲ. ಗಂಟು ತಲೆಯ ಮೇಲಿಟ್ಟುಕೊಂಡು ‘ಬರ್ತೀನಿ ಅಜ್ಜಿ’ ಎಂದೇ ಮೆಟ್ಟಿಲಿಳಿಯುತ್ತಿದ್ದಳು. ಚಳಿಗಾಲ ಮುಗಿದು ಕ್ಯಾಂಪಿಗೆ ಹೊರಡುವಾಗಲೂ ‘ಬರ್ತೀವಿ ಅಜ್ಜಿ’ ಎಂದಳು, ಮುಂದಿನ ವರ್ಷ ಹೇಳಿದಂತೆಯೇ ಬಂದಳು.

ಈ ತಾಯಿ ಮಗಳ ಮೇಲೆ ನಾನೊಂದು ಕಾದಂಬರಿ ಬರೆದಿದ್ದೇನೆ. ನನ್ನ ಹೆಸರು ನಾಲ್ಕು ಜನರಿಗೆ ಗೊತ್ತಿದ್ದರೆ ಅದರಿಂದಲೇ. ನಿರಾಶ್ರಿತರ ಸಂಕಟವನ್ನು ನಮ್ಮ ಜಗಲಿಗೆ ತಂದಳು ಎಂದು ಹೊಗಳಿ ಶಾಲು ಹೊದಿಸಿದರು. ಡೋಲ್ಮ ನೋಡದ ಹಿಮ ಅದರಲ್ಲಿ ಪುಟಗಟ್ಟಲೆ ಬೀಳುತ್ತದೆ. ಅದರಲ್ಲಿನ ಅಜ್ಜಿ ತನ್ನ ಹಿತ್ತಾಳೆ ಲೋಟದಲ್ಲೇ ಅವರಿಗೆ ಮಜ್ಜಿಗೆ ಕೊಡುತ್ತಾಳೆ, ಸ್ಟೀಲ್ ಲೋಟಗಳ ಸುದ್ದಿಯೇ ಇಲ್ಲ. ಅದರಲ್ಲಿ ನನ್ನಂಥ ಒಬ್ಬ ಹುಡುಗಿಯೂ ಇದ್ದಾಳೆ, ಬಹಳ ಒಳ್ಳೆಯವಳು. ಕೊನೆಯ ಪುಟದಲ್ಲಿ ತಾಯಿ ಮಗಳು ಮನೆ ಬಿಟ್ಟು ಹೊರಡುವಾಗ ‘ಬರ್ತೀವಿ ಅಜ್ಜಿ’ ಅನ್ನುತ್ತಾರೆ. ಆ ಸಾಲಿಗೆ ಕಣ್ಣೀರು ಬಂತು ಎಂದು ಎಷ್ಟೋ ಜನ ಹೇಳಿದ್ದಾರೆ. ಎರಡು ವರ್ಷದ ಹಿಂದೆ ಹಿರಿಯೂರಿನ ಒಂದು ಕಾಲೇಜಿಗೆ ಅದರ ಬಗ್ಗೆ ಮಾತನಾಡಲು ಹೋಗಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

“ಮೇಡಂ, ಆ ಮನೆಯೋರು ಅಷ್ಟು ಒಳ್ಳೇರು ಅಂತೀರಿ. ಚಳಿಗಾಲ ಇನ್ನೂ ಮುಗಿದೇ ಇಲ್ಲ. ಮತ್ತೆ ಅವ್ರು ನಡುವೆನೇ ಯಾಕೆ ಮನೆ ಬಿಟ್ಟು ಹೋಗ್ತಾರೆ?”

ನಿರಾಶ್ರಿತರ ಬದುಕೇ ಹಾಗೆ, ಅದಕ್ಕೆ ಕಾರಣವಿರುವುದಿಲ್ಲ ಎಂದು ಏನೋ ದೊಡ್ಡ ಮಾತು ಹೇಳಿ ಕೂತೆ. ಚಪ್ಪಾಳೆಯೂ ಬಿತ್ತು. ಆ ಹುಡುಗಿ ಮಾತ್ರ ತಟ್ಟಲಿಲ್ಲ. ಅವಳು ಕೇಳಿದ್ದಕ್ಕೆ ಕಾರಣವಿತ್ತು, ಮತ್ತು ಆ ಕಾರಣ ನಾನೇ.

ಅದು ಅವರು ಬಂದ ಮೂರನೇ ಚಳಿಗಾಲ. ಡೋಲ್ಮಳ ಸೋದರಮಾವ ಕ್ಯಾಂಪಿನಿಂದ ಹುಬ್ಬಳ್ಳಿಗೆ ಹೋಗುವವನು ದಾರಿಯಲ್ಲಿ ದುರ್ಗದಲ್ಲಿಳಿದು, ಅವಳ ಅಜ್ಜಿ ಕಳಿಸಿದ ಒಂದು ಪೊಟ್ಟಣ ಕೊಟ್ಟು ಹೋದ. ಅದರಲ್ಲಿ ಏನಿದೆ ಎಂದು ಡೋಲ್ಮ ನನ್ನ ಕಿವಿಯಲ್ಲಿ ಹೇಳಿದಳು: ಒಣಗಿಸಿದ ಮಾಂಸ. ಅವಳ ತಾಯಿಗೆ ದಿಕ್ಕು ತೋಚಿರಲಿಲ್ಲ. ಹೆತ್ತ ತಾಯಿ ಕಳಿಸಿದ್ದನ್ನು ಬಿಸಾಡುವಂತಿಲ್ಲ, ನಮ್ಮ ಅಜ್ಜಿಗೆ ಕೊಟ್ಟ ಮಾತು ಮೀರುವಂತಿಲ್ಲ. ಕೊನೆಗೆ ಅದನ್ನು ಬಿಚ್ಚದೆ, ಬಟ್ಟೆಯಲ್ಲಿ ಸುತ್ತಿ ಬಿಗಿಯಾಗಿ ಕಗ್ಗಂಟು ಹಾಕಿ, ಮಾರನೇ ವಾರ ಹೊಸದುರ್ಗದ ಸಂತೆಗೆ ಹೋದಾಗ ಅಲ್ಲಿಯ ತಮ್ಮವರಿಗೆ ಕೊಟ್ಟರಾಯಿತು ಎಂದು, ಕೋಣೆಯಲ್ಲೇ ಉಳಿಯುತ್ತಿದ್ದ ಇನ್ನೊಂದು ಸ್ವೆಟರ್ ಗಂಟಿನ ತಳಕ್ಕೆ ಸೇರಿಸಿದ್ದಳು. ನನಗೆ ಅದನ್ನು ತಿನ್ನಲೇಬೇಕು ಎನಿಸಿಬಿಟ್ಟಿತು. ಹಸಿವಲ್ಲ, ಬಯಕೆಯೂ ಅಲ್ಲ. ಡೋಲ್ಮಳಲ್ಲಿ ಇದ್ದು ನನ್ನಲ್ಲಿ ಇಲ್ಲದ್ದು ಏನೋ ಅದರಲ್ಲಿದೆ ಎಂಬ ಹುಚ್ಚು. ಒಂದೇ ಒಂದು ಚೂರು ಕೊಡು ಎಂದು ಕಾಡಿದೆ.

“ಆಗಲ್ಲ ಗಿರಿಜಾ. ಅಮ್ಮ ಮಾತು ಕೊಟ್ಟಿದ್ದಾರೆ.”

“ನಾನು ಯಾರಿಗೂ ಹೇಳಲ್ಲ ಕಣೆ.”

“ಹೇಳೋದಲ್ಲ. ಮಾತು ಅಂದ್ರೆ ಮಾತು.”

ಭಾನುವಾರ ಬೆಳಗ್ಗೆ ಅವರು ಫುಟ್‌ಪಾತಿಗೆ ಹೋದ ಮೇಲೆ ಶೇಂಗಾ ಕೋಣೆಯ ಚಿಲಕ ತೆಗೆದು ಒಳಗೆ ಹೋದೆ. ಪೆಮಾ ಬೀಗ ಹಾಕುತ್ತಿರಲಿಲ್ಲ. ನಮ್ಮನೆಯಲ್ಲೇ ನಮಗೆ ಬೀಗ ಹಾಕುವುದೇ ಎಂದು ಅಜ್ಜಿ ಬೇಸರ ಮಾಡಿಕೊಂಡಾಳು ಎಂಬ ಮರ್ಯಾದೆ. ಗಂಟಿನ ತಳದಿಂದ ಪೊಟ್ಟಣ ಎಳೆದೆ. ಕಗ್ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು. ಒಳಗಿದ್ದದ್ದು ಹಳೆಯ ಚಪ್ಪಲಿಯ ಪಟ್ಟಿಯ ಹಾಗಿತ್ತು. ಅಗಿದೆ, ಅಗಿದೆ, ಅದು ಕರಗಲಿಲ್ಲ. ಉಪ್ಪು, ಹೊಗೆ, ಇನ್ನೇನೋ. ಅರ್ಧ ನುಂಗಿ ಉಳಿದರ್ಧವನ್ನು ಲಂಗದ ಜೇಬಿಗೆ ಹಾಕಿಕೊಂಡು ಪೊಟ್ಟಣವನ್ನು ಮತ್ತೆ ಕಟ್ಟಿಟ್ಟೆ. ಕಗ್ಗಂಟು ಹಾಕಲು ನನಗೆ ಬರುತ್ತಿರಲಿಲ್ಲ. ಅಮ್ಮ ನನ್ನ ಜಡೆಗೆ ರಿಬ್ಬನ್ ಕಟ್ಟುವಂತೆ ಎರಡು ಕಿವಿ ಬಿಟ್ಟು ಚಿಟ್ಟೆ ಗಂಟು ಹಾಕಿದೆ. ಜೇಬಿನ ಚೂರನ್ನು ಬಿಸಾಡುವುದು ಮರೆತೇ ಹೋಯಿತು.

ಮಾರನೆಯ ದಿನ ಬಟ್ಟೆ ಒಗೆಯುವಾಗ ಅಮ್ಮನ ಕೈಗೆ ಅದು ಸಿಕ್ಕಿತು. ಅಮ್ಮ ಮೂಸಿ ನೋಡಿ, ಬಚ್ಚಲಿನಿಂದಲೇ ಅಜ್ಜಿಯನ್ನು ಕೂಗಿದಳು. ಅಜ್ಜಿ ಬೈಯಲಿಲ್ಲ. ಆ ಚೂರನ್ನು ಒಂದು ಕಾಗದದ ಮೇಲಿಟ್ಟು, ಜಗಲಿಯಲ್ಲಿ ಕೂತು, ಇಳಿಹೊತ್ತಿಗೆ ಅವರಿಬ್ಬರೂ ಬರುವತನಕ ಕಾದಳು. ಆಮೇಲೆ ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿದಳು.

“ಹೇಳು ಗಿರಿಜಾ. ಯಾರು ಕೊಟ್ರು ಇದ್ನ?”

ಅಜ್ಜಿಯ ಪ್ರಶ್ನೆಯಲ್ಲೇ ಒಂದು ಬಾಗಿಲು ತೆರೆದಿತ್ತು. ಎಲ್ಲಿಂದ ತಗೊಂಡೆ ಎಂದು ಅವಳು ಕೇಳಲಿಲ್ಲ, ಯಾರು ಕೊಟ್ಟರು ಎಂದಳು. ನಾನು ಆ ಬಾಗಿಲಿನಿಂದ ನುಸುಳಿದೆ.

“ಅವ್ರೇ ಕೊಟ್ರು. ಬ್ಯಾಡ ಅಂದೆ. ತಿನ್ನು, ಯಾರಿಗೂ ಹೇಳ್ಬೇಡ ಅಂದ್ರು.”

‘ಇಲ್ಲ ಅಜ್ಜಿ, ನಾವು...’ ಎಂದು ಡೋಲ್ಮ ಮುಂದೆ ಬಂದಳು. ಪೆಮಾ ಅವಳನ್ನು ತಡೆದು, ಕೋಣೆಗೆ ಹೋಗಿ ಪೊಟ್ಟಣ ತಂದಳು. ಬಿಚ್ಚದ ಕಗ್ಗಂಟನ್ನು ಎಲ್ಲರಿಗೂ ತೋರಿಸಲೆಂದೇ ತಂದಿರಬೇಕು. ಆದರೆ ಅದರ ಮೇಲೆ ನನ್ನ ಚಿಟ್ಟೆ ಗಂಟು ಎರಡು ಕಿವಿ ಅರಳಿಸಿಕೊಂಡು ಕೂತಿತ್ತು. ಆಕೆ ಅದನ್ನು ನೋಡಿದಳು. ಆಮೇಲೆ ನನ್ನ ಜಡೆಯನ್ನು ನೋಡಿದಳು. ಒಂದು ಮಾತೂ ಆಡದೆ ಪೊಟ್ಟಣವನ್ನು ಸೊಂಟದ ಮುಂದೆ ಕಟ್ಟಿಕೊಂಡಿದ್ದ ಬಣ್ಣದ ಪಟ್ಟೆಯ ವಸ್ತ್ರದಲ್ಲಿ ಮುಚ್ಚಿಕೊಂಡಳು. ಯಾಕೆ ಹಾಗೆ ಮಾಡಿದಳು? ಮಗುವಿಗೆ ಏಟು ಬೀಳುತ್ತದೆಂದು ನನ್ನನ್ನು ಕಾಪಾಡಿದಳು ಎಂದು ಬರೆದರೆ ಚೆನ್ನಾಗಿರುತ್ತದೆ. ಕಾದಂಬರಿಯಾಗಿದ್ದರೆ ಹಾಗೇ ಬರೆಯುತ್ತಿದ್ದೆ. ಈ ಮನೆಯಲ್ಲಿ ಮಗುವಿನ ಮಾತಿನೆದುರು ತನ್ನ ಮಾತು ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಿದ್ದಿರಲೂಬಹುದು. ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಬಾಯಿ ಬಿಡಲು ನನಗೆ ಸಮಯವಿತ್ತು, ಬೇಕಾದಷ್ಟಿತ್ತು, ನಾನು ಬಿಡಲಿಲ್ಲ.

“ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ ಪ್ರೇಮಾ,” ಎಂದಳು ಅಜ್ಜಿ. “ನಾ ನಿನ್ನ ಕೇಳಿದ್ದು ಒಂದೇ ಮಾತು. ಬೆಳಗ್ಗೆ ಕೋಣೆ ಬಿಡ್ರಿ.”

ಚಳಿಗಾಲ ಮುಗಿಯೋವರೆಗಾದರೂ ಇರಲಿ ಬಿಡವ್ವ, ಈ ಊರಾಗೆ ಅವರಿಗೆ ಬೇರೆ ಯಾರು ಕೋಣೆ ಕೊಡ್ತಾರೆ ಎಂದು ಅಪ್ಪ ಹೇಳಿ ನೋಡಿದ. ಅಜ್ಜಿ ಜಗ್ಗಲಿಲ್ಲ. ನನ್ನನ್ನು ಬಚ್ಚಲಿಗೆ ಒಯ್ದು ತಣ್ಣೀರು ಹೊಯ್ದರು, ಕೊರಳಿನ ಲಿಂಗ ಬಿಚ್ಚಿಟ್ಟರು. ಮಾರನೆಯ ದಿನ ಅಯ್ನೋರು ಬಂದು ವಿಭೂತಿ ಹಚ್ಚಿ ಮತ್ತೆ ಲಿಂಗ ಕಟ್ಟುವುದೆಂದಾಯಿತು. ಅಮ್ಮ ನನ್ನನ್ನು ಅಪ್ಪಿಕೊಂಡು ‘ನೀನೇನು ಮಾಡ್ತೀಯ ಕೂಸೆ, ಅವ್ರು ಕೊಟ್ರು ನೀನು ತಿಂದೆ’ ಎಂದು ತಲೆ ಒರೆಸಿದಳು. ನಾನು ಅತ್ತೆ. ಎಲ್ಲರೂ ಅದನ್ನು ಹೆದರಿಕೆ ಎಂದುಕೊಂಡರು. ನನಗೆ ನಾಚಿಕೆಯಾಗಿತ್ತು. ನಾಚಿಕೆಯನ್ನು ಜನ ಎಷ್ಟು ಸುಲಭವಾಗಿ ಬೇರೆ ಏನೋ ಅಂದುಕೊಳ್ಳುತ್ತಾರೆ ಎಂದು ಅವತ್ತೇ ಕಲಿತೆ, ಆಮೇಲೆ ಜೀವನವಿಡೀ ಅದರ ಲಾಭ ಪಡೆದೆ.

ಬೆಳಗ್ಗೆ ಒಳಗೆ ಅಯ್ನೋರ ಪೂಜೆಗೆ ಅಣಿಯಾಗುತ್ತಿತ್ತು, ಹೊರಗೆ ತಳ್ಳುಗಾಡಿ ಬಂದು ನಿಂತಿತ್ತು. ನಾನು ಅದೇ ಕೆಂಪು ಸ್ವೆಟರ್ ಹಾಕಿಕೊಂಡು ನಡುಮನೆಯ ಬಾಗಿಲ ಹಿಂದೆ ನಿಂತಿದ್ದೆ. ಪೆಮಾ ಶೇಂಗಾ ಕೋಣೆಯನ್ನು ಗುಡಿಸಿ, ಎರಡು ಸ್ಟೀಲ್ ಲೋಟಗಳನ್ನೂ ತೊಳೆದು ಗೂಡಿನಲ್ಲಿ ಬೋರಲು ಹಾಕಿದಳು. ಡೋಲ್ಮ ಆಗಲೇ ಗಾಡಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಿದ್ದಳು. ಪೆಮಾ ಮೆಟ್ಟಿಲ ಬಳಿ ಬಂದು ಅಜ್ಜಿಯ ಮುಂದೆ ನೇರವಾಗಿ ನಿಂತಳು.

“ಹೋಗ್ತೀವಿ ಅಜ್ಜಿ.”

ಅಷ್ಟು ಸಿಟ್ಟಿನಲ್ಲೂ ಅಜ್ಜಿಗೆ ತಡೆಯಲಾಗಲಿಲ್ಲ. “ಹಂಗನ್ನಬಾರ್ದು ಕಣೆ. ಬರ್ತೀವಿ ಅನ್ನು,” ಎಂದಳು.

“ಹೋಗ್ತೀವಿ,” ಎಂದಳು ಪೆಮಾ ಇನ್ನೊಮ್ಮೆ, ಮೊದಲಿನಷ್ಟೇ ಮೆಲ್ಲಗೆ. ಮೆಟ್ಟಿಲಿಳಿದು ಗಾಡಿಯ ಹಿಂದೆ ನಡೆದಳು.

“ನೋಡು, ಮೂರು ವರ್ಷ ಆದ್ರೂ ಮಾತು ಬರ್ಲಿಲ್ಲ ಅದಕ್ಕೆ,” ಎಂದು ಅಜ್ಜಿ ಅಮ್ಮನಿಗೆ ಹೇಳಿ ಒಳಗೆ ಬಂದಳು. ಮಾತು ಬರದೆ ಅಂದದ್ದಲ್ಲ ಅದು ಎಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮಧ್ಯಾಹ್ನ ನನಗೆ ಶಾವಿಗೆ ಪಾಯಸ ಬಡಿಸಿದರು. ಶುದ್ಧಿಯಾದವಳು ನಾನು, ಎರಡು ಸಲ ಹಾಕಿಸಿಕೊಂಡು ಉಂಡೆ.

ಆ ಚಳಿಗಾಲದ ಉಳಿದ ದಿನಗಳನ್ನು ಅವರು ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಯಾವುದೋ ಛತ್ರದ ಪಡಸಾಲೆಯಲ್ಲಿ ಕಳೆದರಂತೆ. ಮತ್ತೋಡಿನ ಪಾಲುದಾರ ನೋಡಿದ್ದಾಗಿ ಹೇಳಿದ. ದುರ್ಗಕ್ಕೆ ಮತ್ತೆ ಬರಲಿಲ್ಲ. ಆದರೆ ಪ್ರತಿ ವರ್ಷ ಬೆಟ್ಟದ ಗಾಳಿ ಓಣಿಗೆ ಇಳಿಯುತ್ತಲೇ ಅಜ್ಜಿ ಜಗಲಿಯಲ್ಲಿ ಕೂತು ಅವರನ್ನು ನೆನೆಯುತ್ತಿದ್ದಳು. ‘ಒಳ್ಳೇ ಹೆಂಗ್ಸು. ಒಂದು ಮಾತು ತಪ್ಪಿದ್ಲು ನೋಡು,’ ಎನ್ನುತ್ತಿದ್ದಳು. ನನಗೆ ಹನ್ನೆರಡಾಯಿತು, ಹದಿನಾರಾಯಿತು, ಇಪ್ಪತ್ತಾಯಿತು, ಆ ಮಾತನ್ನು ಪ್ರತಿ ಚಳಿಗಾಲವೂ ಕೇಳಿಸಿಕೊಂಡೆ. ಮಾತು ತಪ್ಪಿದವಳು ಅವಳಲ್ಲ ಎಂದು ಹೇಳಲು ಎಷ್ಟು ಚಳಿಗಾಲ ಬೇಕು ಒಬ್ಬಳಿಗೆ? ಕೊನೆಯ ವರ್ಷ ಅಜ್ಜಿ ಹಾಸಿಗೆ ಹಿಡಿದಾಗ ನಾನೇ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದೆ. ಒಂದು ಮಧ್ಯಾಹ್ನ ‘ಪ್ರೇಮಾ ಈ ಸಲವೂ ಬರ್ಲಿಲ್ವ?’ ಎಂದು ಕೇಳಿದಳು. ‘ಬರ್ತಾರೆ ಬಿಡಜ್ಜಿ’ ಎಂದೆ. ಅಜ್ಜಿ ಹೋದಳು. ಪೆಮಾ ಮಾತಿಗೆ ತಪ್ಪಿದವಳೆಂದು ನಂಬಿಕೊಂಡೇ ಹೋದಳು.

ನನ್ನದೇ ನಾಚಿಕೆಯನ್ನು ಆ ತಾಯಿ ಮಗಳ ವಲಸೆಯ ಕಥೆಯ ಕೆಳಗೆ ಹೂತು, ಮೇಲೆ ಹಿಮ ಸುರಿಸಿದೆ. ಕಾದಂಬರಿ ಎಂದು ನಾನು ಬರೆದದ್ದು ಅದು. ಕ್ಷಮೆ ಕೇಳಲು ಬೈಲಕುಪ್ಪೆಗೆ ಹೋಗಬಹುದಿತ್ತು. ಬಸ್ಸು ಸಿಗುತ್ತದೆ, ಕ್ಯಾಂಪಿಗೆ ನಂಬರೂ ಇದೆ. ಡೋಲ್ಮ ಬದುಕಿದ್ದರೆ ನನ್ನ ವಯಸ್ಸಿನವಳೇ. ಅವಳು ಕನ್ನಡ ಓದುತ್ತಾಳೆ ಎಂಬುದೇ ನನ್ನ ಭಯ. ಹಿರಿಯೂರಿನ ಆ ಹುಡುಗಿಯ ಪ್ರಶ್ನೆ ಎರಡು ವರ್ಷ ಎದೆಯಲ್ಲಿ ಕೂತ ಮೇಲೆ, ಕಳೆದ ತಿಂಗಳು ಕಾದಂಬರಿ ಮರುಮುದ್ರಣಕ್ಕೆ ಹೊರಟಾಗ, ಒಂದೇ ಒಂದು ಪದ ತಿದ್ದಿ ಕಳಿಸಿದೆ. ಅದಕ್ಕಿಂತ ಹೆಚ್ಚಿನ ಧೈರ್ಯ ಬರಲಿಲ್ಲ. ವಾರದೊಳಗೆ ಕರಡು ತಿದ್ದುವವರ ಫೋನ್ ಬಂತು. ಹೊಳಲ್ಕೆರೆ ಕಡೆಯವರು, ಅನುಭವಸ್ಥರು.

“ಮೇಡಂ, ಕೊನೇ ಪುಟದಾಗೆ ಒಂದು ತಪ್ಪು ನುಸುಳೈತೆ. ‘ಹೋಗ್ತೀವಿ ಅಜ್ಜಿ’ ಅಂತ ಆಗೈತೆ. ನಮ್ಮ ಕಡೆ ಹಂಗನ್ನಲ್ವಲ್ರಿ. ‘ಬರ್ತೀವಿ’ ಅಂತ ಸರಿ ಮಾಡ್ಲಾ?”

“ಬೇಡ. ಆಕೆ ಹಾಗೇ ಅಂದದ್ದು.”

ಆಚೆ ಕಡೆ ಪುಟ ತಿರುವುವ ಸದ್ದಾಯಿತು. “ಆದ್ರೆ ಯಾಕೆ ಹಂಗಂದ್ಲು ಅಂತ ಪುಸ್ತಕದಾಗೆ ಎಲ್ಲೂ ಇಲ್ವಲ್ಲ ಮೇಡಂ?”

“ಇಲ್ಲ,” ಎಂದೆ. “ನಾನು ಬರೆದಿಲ್ಲ.”